ಬೋರಲು ಬಕೆಟ್ಟು

“ನಿನ್ನ ಮುಸುಡಿ ನೀನೇ ಕೆರೆದು ತೆಗಿ, ಮುಂಡೆ. ಒಂದು ಚೂರೂ ಉಳೀಬಾರ್ದು.”

ಸೂಪರ್‌ವೈಸರ್ ಇಷ್ಟು ಹೇಳಿ ಕೆರೆಯುವ ತಗಡನ್ನು, ಎತ್ತರದ ಆಳೆಂದು ಎಲ್ಲರೂ ಉದ್ದಕ್ಕ ಎನ್ನುತ್ತಿದ್ದ ಗುಡಿಸುವವಳ ಕಾಲ ಬಳಿ ಎಸೆದ. ಅವಳು ಕೈಗೆ ಕೊಡುವಷ್ಟು ಹತ್ತಿರದಲ್ಲೇ ನಿಂತಿದ್ದಳು. ಆದರೆ ಗುಡಿಸುವವರ ಕೈಗೆ ಏನನ್ನಾದರೂ ಕೊಡುವ ರೂಢಿ ಅವನಿಗಿರಲಿಲ್ಲ. ಅವಳು ಬಗ್ಗಿ ಎತ್ತಿಕೊಂಡಳು.

ಯೂನಿವರ್ಸಿಟಿ ಲೈಬ್ರರಿಯ ಗೋಡೆಯ ಮೇಲೆ ಈ ತುದಿಯಿಂದ ಆ ತುದಿಯವರೆಗೂ ಅಂಟಿಸಿದ ಪೋಸ್ಟರುಗಳಲ್ಲಿ ಅವಳದೇ ಮುಖ. ತೊಡೆಯ ಮೇಲೆ ಊಟದ ಡಬ್ಬಿ, ಬೆನ್ನ ಹಿಂದೆ ಕತ್ತಲೆ ಕೋಣೆಯ ಬಾಗಿಲು, ಒಂದು ಕೆನ್ನೆಯಲ್ಲಿ ನುಂಗದ ತುತ್ತು, ರೆಪ್ಪೆ ಬಡಿಯದೆ ನೆಟ್ಟಗೆ ನೋಡುವ ಕಣ್ಣು. ಕೆಳಗೆ ಕೆಂಪಕ್ಷರದಲ್ಲಿ ‘ಇವಳಿಗೊಂದು ಕೋಣೆ ಬೇಡವೇ?’ ಅದರ ಕೆಳಗೆ ವಿದ್ಯಾರ್ಥಿ ಸಂಘದ ಚುನಾವಣೆಗೆ ನಿಂತಿದ್ದ ಗಡ್ಡದ ಹುಡುಗನ ನಗುಮುಖ. ಚುನಾವಣೆ ಮುಗಿದಿತ್ತು, ಗಡ್ಡದವನು ಗೆದ್ದಿದ್ದ. ಈಗ ಗೋಡೆ ಮತ್ತೆ ಬಿಳಿಯಾಗಬೇಕಿತ್ತು.

“ಕಂಟ್ರಾಕ್ಟರ್ ನನ್ನ ಉಗೀತಾನೆ. ನಿನ್ನ ಕಡೆ ಹೆಂಗಸ್ರು ಲೀಡರಾಗ್ಬಿಟ್ರಾ ಅಂತ. ಏನು ಹೇಳ್ಲಿ ನಾನು?”

“ನಾನೇನು ಮಾಡ್ದೆ ಸಾರ್? ಫೋನ್ ಹಿಡಿದ್ರು, ಮುಖ ಎತ್ತಿದೆ.”

“ಯಾವನು ಹಿಡಿದ್ರೂ ಎತ್ತುತೀಯಾ?”

ನಿಜ ಹೇಳಬೇಕೆಂದರೆ, ಹೌದು, ಯಾರು ಹಿಡಿದರೂ ಎತ್ತುತ್ತಾಳೆ. ಅದನ್ನು ಕಲಿಸಿದವನು ಇವನೇ. ದಿನಾ ಬೆಳಿಗ್ಗೆ ಗೇಟಿನ ಬಳಿ ಹೆಂಗಸರನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಮುಖಕ್ಕೆ ಫೋನ್ ಹಿಡಿಯುತ್ತಾನೆ. ಹಾಜರಿ ಫೋನಿನಲ್ಲೇ. ಗದ್ದ ಎತ್ತಬೇಕು, ತಲೆಯ ಮೇಲಿನ ಬಟ್ಟೆ ಸರಿಸಬೇಕು, ಕಣ್ಣು ಮಿಟುಕಿಸಬಾರದು. ಮಿಟುಕಿಸಿದರೆ ಫೋನು ಗುರುತು ಹಿಡಿಯುವುದಿಲ್ಲ, ಫೋನು ಗುರುತು ಹಿಡಿಯದಿದ್ದರೆ ಆ ಹೆಂಗಸು ಬಂದೇ ಇಲ್ಲ. ಎದುರಿಗೆ ನಿಂತು ಬಂದಿದೀನಿ ಸಾರ್ ಎಂದು ಬಾಯಿ ಬಡಿದುಕೊಂಡರೂ ಬಂದಿಲ್ಲ. ಹೀಗಾಗಿ ಯಾರಾದರೂ ಫೋನ್ ಎತ್ತಿದರೆ ಸಾಕು, ಉದ್ದಕ್ಕನ ಗದ್ದ ತಾನಾಗಿ ಏಳುತ್ತಿತ್ತು.

ಚುನಾವಣೆಗೆ ಮುಂಚೆ ಒಂದು ಮಧ್ಯಾಹ್ನ, ಅವಳು ಉಣ್ಣುತ್ತಾ ಕೂತಿದ್ದಾಗ, ಕನ್ನಡಕದ ಹುಡುಗಿಯೊಬ್ಬಳು ಬಂದು ಎದುರಿಗೆ ಕುಕ್ಕರಗಾಲಲ್ಲಿ ಕೂತು ಫೋನ್ ಹಿಡಿದಳು. ಗಡ್ಡದವನ ಕಡೆಯವಳು. ಉದ್ದಕ್ಕ ಅಗಿಯುವುದನ್ನು ನಿಲ್ಲಿಸಿ, ಮುಖ ಎತ್ತಿ, ಫೋನು ಕೆಳಗಿಳಿಯುವವರೆಗೂ ರೆಪ್ಪೆ ಬಡಿಯದೆ ಕೂತಳು. “ಬಂತಾ?” ಎಂದು ಕೇಳಿದಳು. “ಸೂಪರಾಗಿ ಬಂತು ಆಂಟಿ” ಎಂದಳು ಹುಡುಗಿ. ಊಟದ ಹೊತ್ತಿಗೂ ಹಾಜರಿ ಶುರುಮಾಡಿದರು, ಹಾಳಾಗಿ ಹೋಗಲಿ ಎಂದುಕೊಂಡು ಉದ್ದಕ್ಕ ಬಾಯಲ್ಲಿದ್ದುದನ್ನು ನುಂಗಿದಳು.

ವಾರದೊಳಗೆ ಅವಳು ಗೋಡೆಗೋಡೆಯ ಮೇಲೆ ಬಂದಳು. ಸಭಾಂಗಣದಲ್ಲಿ ಗಡ್ಡದವನು ಮೈಕು ಹಿಡಿದು, ಈ ತಾಯಿಯ ಕಣ್ಣಲ್ಲಿ ಕೆಂಡ ಇದೆ, ಆ ಕೆಂಡ ಈ ಆಡಳಿತವನ್ನು ಸುಡುತ್ತದೆ ಎಂದು ಕೂಗಿದ. ಕೈ ಉರಿಯುವಷ್ಟು ಚಪ್ಪಾಳೆ ಬಿತ್ತು. ಕೆಂಡದ ತಾಯಿ ಆಗ ಹಿಂದಿನ ಸಾಲಿನಲ್ಲಿ ಚಹಾದ ಲೋಟ ಆಯುತ್ತಿದ್ದಳು. ಯಾರೂ ಗುರುತು ಹಿಡಿಯಲಿಲ್ಲ. ಒಬ್ಬ ಹುಡುಗ ಮಾತ್ರ ಕಾಲು ಎತ್ತಿ, ಕೆಳಗಿನ ಲೋಟ ತೆಗೆಯಲು ಜಾಗ ಮಾಡಿಕೊಟ್ಟ.

ಪೋಸ್ಟರಿನಲ್ಲಿ ಏನು ಬರೆದಿದೆ ಎಂದು ವಾಚ್‌ಮನ್ ಓದಿ ಹೇಳಿದಾಗ ಅವಳಿಗೆ ಸ್ವಲ್ಪ ಗೊಂದಲವಾಗಿತ್ತು.

“ಕೋಣೆ ಇದೆಯಲ್ಲಣ್ಣ ನಮಗೆ?”

ಇತ್ತು. ಆರ್ಟ್ಸ್ ಬ್ಲಾಕಿನ ಮೆಟ್ಟಿಲ ಕೆಳಗೆ. ಯಾರೂ ಕೊಟ್ಟದ್ದಲ್ಲ. ಮುರಿದ ಬೆಂಚು ತುಂಬಿಟ್ಟಿದ್ದ ಜಾಗವನ್ನು ಹೆಂಗಸರೇ ಖಾಲಿ ಮಾಡಿ, ತೊಳೆದು, ಗೋಡೆಗೆ ತಲೆಗೊಂದು ಮೊಳೆ ಹೊಡೆದುಕೊಂಡಿದ್ದರು. ಒಳಗೆ ಹೋದಂತೆ ಸೂರು ಇಳಿಯುತ್ತದೆ. ಉದ್ದಕ್ಕ ನೆಟ್ಟಗೆ ನಿಲ್ಲಬೇಕಾದರೆ ಬಾಗಿಲ ಬಳಿಯೇ ನಿಲ್ಲಬೇಕು. ಗುಡಿಸುವವರಲ್ಲೆಲ್ಲ ಹಿರಿಯಳಾದ ದೊಡ್ಡಮ್ಮ ಕಾಲು ಬಾತಾಗ ಮಲಗುವುದು ಅಲ್ಲೇ. ಬೆಳಿಗ್ಗೆ ಮನೆಯ ಬಟ್ಟೆ ಬಿಚ್ಚಿ ಯೂನಿಫಾರ್ಮ್ ಹಾಕುವುದು, ಸಂಜೆ ಯೂನಿಫಾರ್ಮ್ ಬಿಚ್ಚಿ ಮನೆಯ ಬಟ್ಟೆ ಹಾಕುವುದು ಅಲ್ಲೇ. ಆ ಯೂನಿಫಾರ್ಮಿನಲ್ಲಿ ಬಸ್ಸು ಹತ್ತಿದರೆ ಪಕ್ಕದ ಸೀಟಿನವರು ಮೂಗು ಹಿಡಿದುಕೊಂಡು ಎದ್ದು ಹೋಗುತ್ತಾರೆ.

ಬಾಗಿಲಿಗೆ ಒಳಗಿನಿಂದ ಚಿಲಕ ಇರಲಿಲ್ಲ. ಅದಕ್ಕೇ ಬಕೆಟ್ಟು. ಹೆಂಗಸರು ಬಟ್ಟೆ ಬದಲಿಸುವಾಗ ಹೊಸ್ತಿಲ ಹೊರಗೆ ಒಂದು ಬಕೆಟ್ಟನ್ನು ಬೋರಲು ಹಾಕಿಡುತ್ತಿದ್ದರು. ಬೋರಲು ಬಕೆಟ್ಟು ಇದ್ದರೆ ಗಂಡಸರು ಆಚೆ. ಯಾರು ಮಾಡಿದ ಕಾನೂನೋ, ಇಡೀ ಬ್ಲಾಕಿಗೆ ಗೊತ್ತಿತ್ತು. ನಾಲಿಗೆಗೆ ಎಲುಬಿಲ್ಲದ ಆ ಸೂಪರ್‌ವೈಸರ್ ಕೂಡ ಬಕೆಟ್ಟು ಕಂಡರೆ ದೂರ ನಿಂತು ಬೈಯುತ್ತಿದ್ದ. ದಾಟುತ್ತಿರಲಿಲ್ಲ.

ಉದ್ದಕ್ಕ ಗೋಡೆಗೆ ನೀರು ಎರಚಿದಳು. ಅಂಟು ನೆನೆಯಲು ಬಿಟ್ಟು, ತಗಡನ್ನು ಕೆಳಗಿನಿಂದ ತೂರಿಸಿದಳು. ಮೊದಲು ಗಡ್ಡದವನ ನಗು ಬಂತು. ಆಮೇಲೆ ಕೆಂಪಕ್ಷರ. ಆಮೇಲೆ ಅವಳ ಗದ್ದ. ನೆಂದ ಕಾಗದ ಮುಖದ ಅರ್ಧಕ್ಕೆ ಹರಿದು, ಕಣ್ಣೆರಡು ಗೋಡೆಯ ಮೇಲೇ ಉಳಿದವು. ಅವನ್ನು ಬೇರೆಯಾಗಿ ಕೆರೆದಳು. ಮೊದಲೆರಡು ಮುಖ ಕೆರೆಯುವಾಗ ಕೈ ಹಿಂದೆಮುಂದೆ ನೋಡಿತು. ಆಮೇಲೆ ಅದೂ ಒಂದು ಕೆಲಸ. ಎಷ್ಟೋ ವರ್ಷದಿಂದ ಎಷ್ಟೋ ಜನರ ಮುಖ ಕೆರೆದ ಕೈ ಅದು.

ದೊಡ್ಡಮ್ಮ ಕಾಲು ಎಳೆಯುತ್ತಾ ಬಂದಳು.

“ಲೇ ಉದ್ದಿ, ನಮ್ಮ ಸಾಮಾನೆಲ್ಲ ಆಚೆ ಬಿಸಾಕಿದಾರೆ ಕಣೇ.”

ಮೆಟ್ಟಿಲ ಪಕ್ಕದ ಶೌಚಾಲಯದ ಬಾಗಿಲಲ್ಲಿ ಡಬ್ಬಿ, ಚೀಲ, ಮನೆಯ ಬಟ್ಟೆ ಎಲ್ಲ ಒಂದೇ ರಾಶಿ. ಕೋಣೆಯ ಒಳಗೆ ಪೇಂಟರ್ ಮೊಳೆ ಕೀಳುತ್ತಿದ್ದ. ಬಾಗಿಲಲ್ಲಿ ಗಡ್ಡದವನೂ ಕನ್ನಡಕದ ಹುಡುಗಿಯೂ ನಿಂತಿದ್ದರು.

“ಬನ್ನಿ ಅಕ್ಕ, ಬನ್ನಿ,” ಎಂದ ಗಡ್ಡದವನು. ಕೆಟ್ಟವನಲ್ಲ, ಎಲ್ಲರನ್ನೂ ಅಕ್ಕ ಎನ್ನುತ್ತಿದ್ದ. “ಒಳ್ಳೆ ಸುದ್ದಿ. ಆಡಳಿತ ಮಣಿದಿದೆ. ಸಂಘಕ್ಕೆ ಆಫೀಸ್ ಕೊಟ್ಟಿದಾರೆ. ಇನ್ಮೇಲೆ ನಿಮ್ಮ ಕೋಣೆಗೆ ಹೋರಾಟ ಇಲ್ಲಿಂದಾನೇ.”

“ಇದು ನಮ್ಮ ಕೋಣೆ ಅಲ್ವಾಪ್ಪ?” ಎಂದಳು ಉದ್ದಕ್ಕ.

“ಇದು ಕೋಣೆ ಅಲ್ಲಕ್ಕ, ಮೆಟ್ಟಿಲ ಕೆಳಗಿನ ಸಂದಿ. ಮನುಷ್ಯರು ಇರೋ ಜಾಗಾನಾ ಇದು? ಇಂಥದ್ರಲ್ಲಿ ನೀವು ಇರಬಾರ್ದು ಅಂತಾನೇ ನಾವು ಹೋರಾಡಿದ್ದು.”

“ಮತ್ತೆ ನೀವು?”

“ನಾವು ಹೇಗೋ ಅಡ್ಜಸ್ಟ್ ಮಾಡ್ಕೋತೀವಿ.”

ಕನ್ನಡಕದ ಹುಡುಗಿ ಬಟ್ಟೆಯ ರಾಶಿಯ ಕಡೆ ನೋಡಿದಳು. “ಅಲ್ಲಿವರೆಗೂ ಬಟ್ಟೆ ಎಲ್ಲಿ ಬದಲಿಸ್ತೀರ ಆಂಟಿ?” ಎಂದು ಮೆಲ್ಲಗೆ ಕೇಳಿದಳು. ಗಡ್ಡದವನು, ಅದನ್ನೂ ಮನವಿಯಲ್ಲಿ ಸೇರಿಸೋಣ ಎಂದ. ದೊಡ್ಡಮ್ಮ ರಾಶಿಯ ಮುಂದೆ ಕೂತು ತನ್ನ ಡಬ್ಬಿಯ ಮುಚ್ಚಳ ಹುಡುಕತೊಡಗಿದಳು. ಉದ್ದಕ್ಕನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಬಹಳ ಹೊತ್ತು ಮಡಚಿ ಕೂತ ಕಾಲಿನಂತೆ ಒಳಗೆಲ್ಲ ಮರಗಟ್ಟಿತ್ತು. ಲೈಬ್ರರಿಗೆ ವಾಪಸು ಹೋಗಿ ಉಳಿದ ಮುಖಗಳನ್ನು ಕೆರೆದಳು.

ಮಾರನೆಯ ಬೆಳಿಗ್ಗೆಯಿಂದ ಹೆಂಗಸರು ಶೌಚಾಲಯದಲ್ಲಿ ಬಟ್ಟೆ ಬದಲಿಸಿದರು. ದೊಡ್ಡಮ್ಮನಿಗೆ ಒಂಟಿಕಾಲಲ್ಲಿ ನಿಲ್ಲಲಾಗದು, ಹೊತ್ತು ಹಿಡಿಯುತ್ತದೆ. ಹೊರಗೆ ಬ್ಯಾಗು ಹಿಡಿದ ಹುಡುಗಿಯರ ಸಾಲು ಬೆಳೆಯಿತು. ಕೆಲಸದವರಿಗೆ ಬೇರೆ ಟಾಯ್ಲೆಟ್ ಇಲ್ವಾ ಎಂದು ಒಬ್ಬಳು ಯಾರನ್ನೂ ನೋಡದೆ ಕೇಳಿದಳು. ಯಾರೋ ದೂರು ಕೊಟ್ಟು ಸೂಪರ್‌ವೈಸರ್ ಬಂದ. ಇಲ್ಲಿ ಬಕೆಟ್ಟಿನ ಕಾನೂನು ಇರಲಿಲ್ಲ.

“ಏ ಮುದುಕಿ, ಏನೇ ಒಳಗೆ, ಮದುವೆಗೆ ರೆಡಿ ಆಗ್ತಿದೀಯಾ?” ಎಂದು ಬಾಗಿಲಿಗೆ ಒದ್ದ.

ಸವೆದ ಚಿಲಕ ಹಾರಿತು. ದೊಡ್ಡಮ್ಮ ಅರ್ಧ ಬಟ್ಟೆಯಲ್ಲಿ, ಗೋಡೆಗೆ ಮುಖ ಮಾಡಿ ನಿಂತಿದ್ದಳು. ಬೆನ್ನು ಬರಿದಾಗಿತ್ತು. ಕೈಯಲ್ಲಿದ್ದ ಯೂನಿಫಾರ್ಮ್ ಜಾರಿ ಒದ್ದೆ ನೆಲಕ್ಕೆ ಬಿತ್ತು. ಸಾಲಿನಲ್ಲಿದ್ದ ಹುಡುಗಿಯರು ಮುಖ ತಿರುಗಿಸಿದರು, ಒಬ್ಬಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಸೂಪರ್‌ವೈಸರ್ ಬಾಗಿಲನ್ನು ಹಾಗೇ ಬಿಟ್ಟು ಹೋದ. ಉದ್ದಕ್ಕ ಅದನ್ನು ಎಳೆದು, ಬೆನ್ನು ಕೊಟ್ಟು ನಿಂತಳು. ದೊಡ್ಡಮ್ಮ ಅದೇ ಒದ್ದೆ ಯೂನಿಫಾರ್ಮ್ ತೊಟ್ಟು ಹೊರಗೆ ಬಂದಳು, ಸಂಜೆಯವರೆಗೂ ಅದರಲ್ಲೇ ಗುಡಿಸಿದಳು.

ಸಂಘದ ಆಫೀಸಿನ ಉದ್ಘಾಟನೆಯ ದಿನ ಗಡ್ಡದವನು ಹೆಂಗಸರ ಗುಂಪಿನ ಬಳಿ ಬಂದ. ಒಬ್ಬೊಬ್ಬರ ಮುಖ ನೋಡಿದ. ಉದ್ದಕ್ಕನ ಮುಖವನ್ನೂ ನೋಡಿ ಮುಂದೆ ಹೋದ.

“ಪೋಸ್ಟರಲ್ಲಿ ಇದ್ದ ಅಕ್ಕ ಯಾರು?”

“ನಾನೇ.”

“ನೀವೇ ರಿಬ್ಬನ್ ಕತ್ತರಿಸ್ಬೇಕು ಅಕ್ಕ. ದೊಡ್ಡ ಸಾಹೇಬ್ರು ಬರ್ತಾರೆ, ಆದ್ರೆ ಕತ್ತರಿಸೋದು ನೀವೇ. ಅದು ನಮ್ಮ ಸಂಘದ ತೀರ್ಮಾನ.”

ಸೂಪರ್‌ವೈಸರ್ ಹಿಂದಿನಿಂದ, “ಮುಖ ತೊಳ್ಕೊಂಡು, ಒಳ್ಳೆ ಬಟ್ಟೆ ಹಾಕ್ಕೊಂಡು ಹೋಗು,” ಎಂದ. ಯಾವತ್ತೂ ಇಲ್ಲದ ಮೆತ್ತನೆ ದನಿ.

“ಬೇಡ ಬೇಡ, ಯೂನಿಫಾರ್ಮಲ್ಲೇ ಬರ್ಲಿ,” ಎಂದ ಗಡ್ಡದವನು.

ಮೆಟ್ಟಿಲ ಮುಂದೆ ನೂರಾರು ಹುಡುಗರು ಸೇರಿದ್ದರು. ಆಡಳಿತದ ದೊಡ್ಡ ಸಾಹೇಬರು ಬಾಗಿಲ ಪಕ್ಕದಲ್ಲಿ ಕೈ ಕಟ್ಟಿ ನಿಂತಿದ್ದರು. ಉದ್ದಕ್ಕ ಕತ್ತರಿ ಹಿಡಿದು ನಿಂತಾಗ ಫೋನುಗಳೆಲ್ಲ ಒಟ್ಟಿಗೆ ಮೇಲೆದ್ದವು. ಅವಳ ಗದ್ದವೂ ಎದ್ದಿತು. ರೆಪ್ಪೆ ಬಡಿಯದೆ ನಿಂತಳು.

“ಬಂತಾ?” ಎಂದು ಕೇಳಿದಳು.

“ಬಂತು, ಬಂತು,” ಎಂದರು.

ರಿಬ್ಬನ್ ಕತ್ತರಿಸಿ, ಕತ್ತರಿಯನ್ನು ಸಾಹೇಬರ ಕಡೆ ಚಾಚಿದಳು. ಅವರು ಕೈ ಬಿಚ್ಚಲಿಲ್ಲ, ಕಣ್ಣಲ್ಲೇ ತಟ್ಟೆ ತೋರಿಸಿದರು. ಅವಳು ತಟ್ಟೆಯಲ್ಲಿ ಇಟ್ಟು, ಬಾಗಿಲು ತಳ್ಳಿದಳು.

ಒಳಗೆ ಹೊಸ ಬಣ್ಣದ ವಾಸನೆ. ಎರಡು ಕುರ್ಚಿ, ಒಂದು ಮೇಜು. ಮೊಳೆ ಒಂದೂ ಇರಲಿಲ್ಲ. ದೊಡ್ಡಮ್ಮ ಮಲಗುತ್ತಿದ್ದ ಮೂಲೆಯಲ್ಲಿ ಬಾವುಟ ಸುತ್ತಿಟ್ಟಿದ್ದರು. ಎದುರು ಗೋಡೆಯಲ್ಲಿ ಗಾಜು ಹಾಕಿದ ಚೌಕಟ್ಟಿನಲ್ಲಿ ಅವಳದೇ ಮುಖ. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಸಿದ್ದರು, ಮಿರಿಮಿರಿ ಹೊಳೆಯುವ ಹೊಸ ಚಿಲಕ. ಉದ್ದಕ್ಕ ಅದನ್ನು ಒಮ್ಮೆ ಎಳೆದು ನೋಡಿದಳು. ಸಲೀಸಾಗಿ ಓಡಿತು. ಇಷ್ಟು ವರ್ಷ ಕೇಳಿ ಕೇಳಿ ಸಾಕಾಗಿದ್ದ ಚಿಲಕ.

ಅವಳು ಹೊರಗೆ ಬಂದಳು. ಬೆಳಿಗ್ಗೆ ನೆಲ ಒರೆಸಿದ ಬಕೆಟ್ಟು ಕಂಬದ ಪಕ್ಕದಲ್ಲೇ ಇತ್ತು. ಕೊಳೆನೀರನ್ನು ಮೋರಿಗೆ ಚೆಲ್ಲಿ, ಬಕೆಟ್ಟನ್ನು ತಂದು ಸಾಹೇಬರ ಬೂಟಿನ ಮುಂದೆ, ಹೊಸ್ತಿಲ ಹೊರಗೆ, ಬೋರಲು ಹಾಕಿದಳು.

“ದೊಡ್ಡಮ್ಮ, ಬಾ. ಎಲ್ರೂ ಬನ್ರೇ. ಡಬ್ಬಿ, ಬಟ್ಟೆ ತಗೊಂಡು ಬನ್ನಿ.”

ಹೆಂಗಸರು ಮೊದಲು ಅಲುಗಲಿಲ್ಲ. ದೊಡ್ಡಮ್ಮ ಬಕೆಟ್ಟು ನೋಡಿದಳು. ಕಾಲು ಎಳೆಯುತ್ತಾ ಬಂದು ಒಳಗೆ ಹೋದಳು. ಹಿಂದೆಯೇ ಉಳಿದವರು ಒಬ್ಬೊಬ್ಬರಾಗಿ ಹೋದರು.

“ಅಕ್ಕ, ಒಂದ್ನಿಮಿಷ,” ಎಂದ ಗಡ್ಡದವನು. “ಮೊದ್ಲು ಸಾಹೇಬ್ರು ಒಳಗೆ ಬಂದು...”

“ಬಟ್ಟೆ ಬದಲಿಸ್ಬೇಕು. ಗಂಡಸರು ಆಚೆ ನಿಲ್ಲಿ.”

ಬಾಗಿಲು ಹಾಕಿ ಚಿಲಕ ಎಳೆದಳು.

ಹೊರಗೆ ಸಾಹೇಬರ ದನಿ, ಏನ್ರೀ ಇದು ನಾಟಕ. ಇದರ ಹಿಂದೆ ಚುನಾವಣೆಯಲ್ಲಿ ಸೋತವರ ಕೈವಾಡ ಇದೆ ಎಂದು ಗಡ್ಡದವನು. ಅವರಿಗೊಂದು ಗಂಟೆ ಬಿಡೋಣ ಎಂದ ಕನ್ನಡಕದ ಹುಡುಗಿಯ ದನಿ ಉಳಿದ ದನಿಗಳಲ್ಲಿ ಮುಳುಗಿಹೋಯಿತು. ಸೂಪರ್‌ವೈಸರ್ ಮಾತ್ರ ದೂರದಿಂದ, ಬಕೆಟ್ಟಿನ ಆಚೆಯಿಂದ ಕೂಗಿದ.

“ಲೇ ಬೋಸುಡಿ, ನಾಳೆಯಿಂದ ಗೇಟಲ್ಲಿ ಮುಖ ತೋರಿಸ್ಬೇಡ. ಫೋನ್ ಹಿಡಿಯೋದೇ ಇಲ್ಲ ನಾನು.”

“ಕೇಳಿಸ್ತಾ?” ಎಂದಳು ದೊಡ್ಡಮ್ಮ.

“ಕೇಳಿಸ್ತು. ಬಟ್ಟೆ ಬದಲಿಸು ನೀನು.”

ದೊಡ್ಡಮ್ಮ ಕುರ್ಚಿ ಹಿಡಿದುಕೊಂಡು, ಅವಸರವಿಲ್ಲದೆ ಯೂನಿಫಾರ್ಮ್ ಬಿಚ್ಚಿದಳು. ಅಭ್ಯಾಸಬಲದಿಂದ ಗೋಡೆಯಲ್ಲಿ ತನ್ನ ಮೊಳೆ ತಡಕಿದಳು. ಸಿಗಲಿಲ್ಲ. ಚೌಕಟ್ಟಿನ ಮೂಲೆಗೆ ತಗುಲಿಹಾಕಿದಳು. ಗಾಜಿನೊಳಗಿನ ಮುಖ ಮುಚ್ಚಿಹೋಯಿತು. ಮನೆಯ ಬಟ್ಟೆ ತೊಟ್ಟು, ಬಾವುಟ ಸರಿಸಿ ತನ್ನ ಮೂಲೆಯಲ್ಲಿ ಕಾಲು ಚಾಚಿದಳು.

ಈಗ ಬಾಗಿಲು ಬಡಿಯತೊಡಗಿದ್ದರು. ಬಕೆಟ್ಟು ದಡದಡ ಉರುಳಿ ಹೋದ ಸದ್ದು ಕೇಳಿಸಿತು. ಉದ್ದಕ್ಕ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತು ಡಬ್ಬಿ ಬಿಚ್ಚಿದಳು. ಏಟು ಬಿದ್ದಾಗಲೆಲ್ಲ ಹಲಗೆ ಅವಳ ಬೆನ್ನಿಗೆ ಬಡಿಯುತ್ತಿತ್ತು. ಮೊದಲ ತುತ್ತು ಬಾಯಿಗಿಟ್ಟಳು.

“ಲೇ ಉದ್ದಿ, ಮೇಲೆ ನೋಡೇ,” ಎಂದಳು ದೊಡ್ಡಮ್ಮ.

ಬಾಗಿಲ ಮೇಲಿನ ಗಾಳಿಕಿಂಡಿಯಿಂದ ಒಂದು ಕೈ ಒಳಗೆ ತೂರಿ ಬಂದಿತ್ತು. ಕೈಯಲ್ಲಿ ಫೋನು. ಅದು ಕೆಳಗೆ ಬಾಗಿ ಅವಳ ಮುಖ ಹುಡುಕುತ್ತಿತ್ತು. ಗದ್ದ ತಾನಾಗಿ ಒಂದಿಷ್ಟು ಎದ್ದಿತು, ಅಷ್ಟಕ್ಕೇ ನಿಂತಿತು. ಅವಳು ತಲೆ ತಗ್ಗಿಸಿ, ಬಾಯಲ್ಲಿದ್ದುದನ್ನು ಅಗಿಯತೊಡಗಿದಳು.