ನೂರ್ಜಹಾನಮ್ಮನ ತಾವೋ ಯೋಗ

ರಾಧಾಮಣಿ ಮಾಗಡಿಯಲ್ಲಿ ಹದಿನೆಂಟು ವರ್ಷದಿಂದ ಯೋಗ ಹೇಳಿಕೊಡುತ್ತಿದ್ದಳು. ಅವಳ ತರಗತಿಯಲ್ಲಿ ಯಾರೂ ಮಂಡಿ ಬಗ್ಗಿಸುವಂತಿರಲಿಲ್ಲ. ತಾಲ್ಲೂಕು ಕಚೇರಿಯ ಗುಮಾಸ್ತರಿಂದ ಹಿಡಿದು ನಿವೃತ್ತ ಮೇಷ್ಟ್ರ ತನಕ ಎಲ್ಲರಿಗೂ ಒಂದೇ ಗದರಿಕೆ: “ಮಂಡಿ ನೇರ, ಬೆನ್ನು ನೇರ, ಆಮೇಲೆ ಮಾತು!” ಹೀಗಿರುವಾಗ, ಅವಳು ನಾಲ್ಕು ವರ್ಷದಿಂದ ಶನಿವಾರ, ಭಾನುವಾರ ಪಾಠ ಮಾಡುತ್ತಿದ್ದ ಸಾವನದುರ್ಗದ ರೆಸಾರ್ಟಿನ ಮಾಲೀಕ ಮನೋಹರ್ ಅವಳನ್ನು ಆಫೀಸಿಗೆ ಕರೆದು, “ಮೇಡಂ, ಇನ್ಮೇಲೆ ಒಸಿ ಮಂಡಿ ಬಗ್ಗಿಸ್ಬೇಕು,” ಎಂದಾಗ ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ.

“ಯಾರ್ದು?”

“ಎಲ್ಲಾರ್ದೂ. ನೋಡಿ, ನಮ್ ಯೋಗ ಅವರ ಅಪಾರ್ಟ್‌ಮೆಂಟ್ ಕೆಳ್ಗಡೇನೇ ಸಿಗ್ತೈತೆ. ಅದ್ಕೇಂತ ಇಷ್ಟು ದೂರ ಯಾರ್ ಬತ್ತಾರೆ? ಥಾಯ್ಲೆಂಡ್‌ನಲ್ಲಿ ನೋಡ್ಕಂಡ್ ಬಂದೆ. ಈಗ ಎಲ್ಲಾ ಕಡೆ ತಾವೋ ಯೋಗ. ಚೀನಾದ್ದು. ಹತ್ತು ದಿನದ ಆನ್‌ಲೈನ್ ಕೋರ್ಸ್ ಐತೆ. ಕಲ್ತ್‌ಬುಡಿ.”

ಚೀನಾದ ಯೋಗ ಎಂಬ ಮಾತೇ ರಾಧಾಮಣಿಗೆ ಬಳ್ಳಾರಿಯ ಸಮುದ್ರ ಎಂದಂತೆ ಕೇಳಿಸಿತು. ಆದರೆ ಕೆಲಸ ಬಿಡುವ ಹಾಗಿರಲಿಲ್ಲ. ಕೋರ್ಸಿಗೆ ಸೇರಿದಳು.

ಪರದೆಯ ಮೇಲೆ ಪಾಠ ಹೇಳುತ್ತಿದ್ದವಳು ಪುಣೆಯ ಹೆಂಗಸು. ಹೇಳುತ್ತಿದ್ದುದೆಲ್ಲ ರಾಧಾಮಣಿ ಕಲಿತದ್ದಕ್ಕೆ ಉಲ್ಟಾ. ಕೀಲುಗಳನ್ನು ಎಂದೂ ಪೂರ್ತಿ ಬಿಗಿಯಬಾರದು. ಕೈಲಾಗುವುದರಲ್ಲಿ ನೂರಕ್ಕೆ ಎಪ್ಪತ್ತರಷ್ಟು ಮಾತ್ರ ಮಾಡಬೇಕು. ಭಂಗಿಯಲ್ಲಿ ನಿಲ್ಲುವ ಬದಲು ಒಂದರಿಂದ ಇನ್ನೊಂದಕ್ಕೆ ಜಾರುತ್ತಿರಬೇಕು. ನಮ್ಮವರು ಪ್ರಾಣವನ್ನು ಬೆನ್ನುಹುರಿ ಹಿಡಿದು ನೆತ್ತಿಗೆ ಹತ್ತಿಸಿದರೆ, ಅವರು ಉಸಿರನ್ನು ಹೊಕ್ಕುಳ ಕೆಳಗೆ ಇಳಿಸಿ, ಅಲ್ಲೇ ಬೆಚ್ಚಗೆ ಕೂಡಿಡುತ್ತಾರೆ. ರಾಧಾಮಣಿ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬರೆದುಕೊಂಡಳು: ‘ನಮ್ಮದು: ನಿಲ್ಲು. ಅವರದು: ಹರಿ.’ ಸ್ವಲ್ಪ ಯೋಚಿಸಿ ಕೆಳಗೆ ಸೇರಿಸಿದಳು: ‘ಎಪ್ಪತ್ತಕ್ಕೆ ಪಾಸ್ ಮಾಡುವ ಯೋಗ.’

ಅವಳು ಸಿಕ್ಕಿಕೊಂಡದ್ದು ಏಳನೇ ಪಾಠದಲ್ಲಿ. ಅದರ ಹೆಸರು ‘ರೇಷ್ಮೆ ಬಿಚ್ಚುವುದು’. ಗೂಡಿನಿಂದ ಎಳೆ ತೆಗೆಯುವ ಹಾಗೆ ಕೈಗಳನ್ನು ಸುತ್ತಿಸಬೇಕು. ಅವಸರ ಮಾಡಿದರೆ ಎಳೆ ಕಡಿಯುತ್ತದೆ, ನಿಧಾನಿಸಿದರೆ ಸಿಕ್ಕಾಗುತ್ತದೆ. “ಚೀನಾದ ಒಬ್ಬ ಪ್ರಾಚೀನ ರೇಷ್ಮೆ ಕೆಲಸಗಾರ್ತಿಯನ್ನು ಕಲ್ಪಿಸಿಕೊಳ್ಳಿ,” ಎಂದಳು ಪುಣೆಯವಳು. ರಾಧಾಮಣಿಯ ತವರು ಮರಳವಾಡಿ. ತಟ್ಟೆಯಲ್ಲಿ ಹುಳು ಸಾಕುವ ಮನೆಯಲ್ಲೇ ಬೆಳೆದವಳು. ಆದರೆ ಗೂಡು ರಾಮನಗರದ ಮಾರ್ಕೆಟ್ಟಿಗೆ ಹೋದಮೇಲೆ ಅದರ ಗತಿ ಏನಾಗುತ್ತದೆಂದು ನೋಡಿರಲಿಲ್ಲ. ಇಪ್ಪತ್ತೈದು ಮೈಲಿಯೊಳಗೆ ನೂರಾರು ಜನ ಆ ಕೆಲಸ ಮಾಡುತ್ತಿರುವಾಗ ಚೀನಾದವಳನ್ನು ಏಕೆ ಕಲ್ಪಿಸಿಕೊಳ್ಳಬೇಕು ಎನ್ನಿಸಿತು. ತಮ್ಮನಿಗೆ ಫೋನ್ ಮಾಡಿದಳು. ಅವನು ತನ್ನ ಗೂಡು ಕೊಳ್ಳುತ್ತಿದ್ದ ಆಫ್ತಾಬ್ ಸಾಹೇಬರಿಗೆ ಹೇಳಿದ. ಶುಕ್ರವಾರ ಅವಳು ರಾಮನಗರದ ಬಸ್ಸು ಹತ್ತಿದಳು.

ಆಫ್ತಾಬರ ನೂಲು ಬಿಚ್ಚುವ ಘಟಕದ ಬಾಗಿಲಲ್ಲೇ ಬೆಂದ ಹುಳುವಿನ ವಾಸನೆ ಮೂಗಿಗೆ ರಾಚಿತು. ಒಳಗೆ ಹಬೆಯ ನಡುವೆ ಸಾಲಾಗಿ, ಬಿಸಿನೀರಲ್ಲಿ ಗೂಡು ತೇಲುತ್ತಿದ್ದ ಬೇಸಿನ್ನುಗಳು. ಒಂದೊಂದರ ಮುಂದೆ ಒಬ್ಬೊಬ್ಬ ಹೆಂಗಸು. ಆಫ್ತಾಬ್ ತೋರಿಸಿದ್ದು ನೂರ್ಜಹಾನಮ್ಮನನ್ನು. ಐವತ್ತು ದಾಟಿದ ಹೆಂಗಸು, ಮೂವತ್ತು ವರ್ಷದ ಅನುಭವ. ಬಿಸಿನೀರಲ್ಲಿ ನೆನೆದು ನೆನೆದು ಆಕೆಯ ಬೆರಳ ತುದಿಗಳು ಬಿಳಿಚಿ ಸುಕ್ಕಾಗಿದ್ದವು.

ರಾಧಾಮಣಿ ತನಗೆ ಬೇಕಾದ್ದನ್ನು ವಿವರಿಸಿ, ಎದ್ದು ನಿಂತು, ಕೋರ್ಸಿನಲ್ಲಿ ಕಲಿತಂತೆ ಕೈ ಸುತ್ತಿಸಿ ತೋರಿಸಿದಳು. ಬೇಸಿನ್ನಿನ ಹೆಂಗಸರೆಲ್ಲ ಬಾಯಿಗೆ ಸೆರಗು ಅಡ್ಡ ಹಿಡಿದರು.

“ಹಂಗ್ಯಾಕ್ ಎಳೀತೀರಾ ಮೇಡಂ?” ಎಂದಳು ನೂರ್ಜಹಾನಮ್ಮ. “ಎಳಿಯೋದು ನಾವಲ್ಲ, ಮೋಟ್ರು. ನಮ್ ಕೆಲ್ಸ ತುದಿ ಹುಡ್ಕೋದು.”

ಆಕೆ ಬೆರಳನ್ನು ನೀರ ಮೇಲೆ ಮೆಲ್ಲಗೆ ಆಡಿಸಿದಳು. ಹಿಡಿಯಲಿಲ್ಲ, ಕೀಳಲಿಲ್ಲ. ಎಳೆಯ ತುದಿ ತಾನಾಗಿ ಬಂದು ಬೆರಳಿಗೆ ಅಂಟಿತು. ಅದನ್ನು ಓಡುವ ನೂಲಿಗೆ ತಾಗಿಸಿದ್ದೇ ತಡ, ಮಾಯವಾಯಿತು. ಹತ್ತು ದಿನದ ಕೋರ್ಸಿನಲ್ಲಿ ಪುಣೆಯವಳು ಬಾಯಿಮಾತಲ್ಲಿ ಹೇಳಿದ್ದನ್ನೆಲ್ಲ ಈ ಹೆಂಗಸು ಪಕ್ಕದವಳೊಂದಿಗೆ ಮಗಳ ಮದುವೆಯ ವಿಚಾರ ಮಾತಾಡುತ್ತಲೇ ಮಾಡುತ್ತಿದ್ದಳು. ರಾಧಾಮಣಿ ಬೇಸಿನ್ನಿನ ಹತ್ತಿರಕ್ಕೆ ಬಗ್ಗಿ ನೋಡಿದಳು.

“ನಿಮ್ದು ದೊಡ್ಡ ವಿದ್ಯೆ ನೂರ್ಜಹಾನಮ್ಮ,” ಎಂದಳು. “ಚೀನಾದೋರು ಆರೋಗ್ಯಕ್ಕೆ ಅಂತ ಇದ್ನೇ ಮಾಡ್ತಾರಂತೆ.”

“ಆರೋಗ್ಯಕ್ಕಾ?” ನೂರ್ಜಹಾನಮ್ಮ ಎಡಗೈಯಿಂದ ಬಲಭುಜವನ್ನು ಹಿಡಿದುಕೊಂಡಳು. “ಇದ್ನ ಮಾಡೀ ಮಾಡೀ ನಂದು ಭುಜ ಹೋಗೈತೆ. ತಲೆ ಬಾಚ್ಕಳಕ್ಕೆ ಕೈ ಎತ್ತಕ್ಕಾಗಲ್ಲ. ಡಾಕ್ಟ್ರು ಏನಂದ್ರು ಗೊತ್ತಾ? ಯೋಗ ಮಾಡಿ ಅಂದ್ರು.”

ಹೀಗೆ ಇಬ್ಬರಿಗೂ ಒಪ್ಪಂದವಾಯಿತು. ಶುಕ್ರವಾರ ಮಧ್ಯಾಹ್ನ ನಮಾಜಿಗೆಂದು ಯಂತ್ರ ನಿಲ್ಲುವ ಹೊತ್ತಿಗೆ ರಾಧಾಮಣಿ ಬರುವುದು; ನೂರ್ಜಹಾನಮ್ಮ ಕೈಯ ಕಸುಬು ತೋರಿಸುವುದು, ರಾಧಾಮಣಿ ಯೋಗ ಹೇಳಿಕೊಡುವುದು. ಮೊದಲ ವಾರ ರಾಧಾಮಣಿ ತನ್ನ ಹಳೆಯ ರೂಢಿಯಂತೆ ಎರಡೂ ಕೈ ನೇರ ಮೇಲಕ್ಕೆ ಎತ್ತಿಸಲು ಹೋಗಿ ಆಕೆಯ ಕಣ್ಣಲ್ಲಿ ನೀರು ಬರಿಸಿದಳು. ಎರಡನೇ ವಾರ ಮನಸ್ಸಿಲ್ಲದ ಮನಸ್ಸಿನಿಂದ ತಾವೋ ಯೋಗದ ರೇಷ್ಮೆ ಬಿಚ್ಚುವ ಪಾಠ ಶುರುಮಾಡಿದಳು. ನೂರ್ಜಹಾನಮ್ಮ ಎರಡು ಸುತ್ತು ಮಾಡಿ ಕೈ ಕೆಳಗಿಳಿಸಿದಳು.

“ಮೇಡಂ, ಬೇಜಾರ್ ಮಾಡ್ಕಬ್ಯಾಡಿ. ಬೆಳಿಗ್ಗೆಯಿಂದ ಮಾಡಿದ್ದೂ ಇದ್ನೇ. ರೋಗಾನೂ ಇದೇ, ಮದ್ದೂ ಇದೇನಾ?”

ರಾಧಾಮಣಿ ಆ ಪಾಠವನ್ನು ಅಲ್ಲಿಗೇ ಬಿಟ್ಟಳು. ಕೊನೆಗೆ ಚಾಪೆ ಹಾಸಿ ಶವಾಸನದಲ್ಲಿ ಮಲಗಿಸಿದಳು. ಕಾಲು ಸಡಿಲ, ಅಂಗೈ ಮೇಲೆ, ಕಣ್ಣು ಮುಚ್ಚಿ.

“ಇನ್ನ್ಯಾವಾಗ ಶುರು?” ಎಂದಳು ನೂರ್ಜಹಾನಮ್ಮ, ಕಣ್ಣು ಮುಚ್ಚಿಕೊಂಡೇ.

“ಶುರುವಾಗೈತೆ. ಏನೂ ಮಾಡ್ಬಾರ್ದು.”

“ಹಗಲೊತ್ತಲ್ಲಿ? ಏನೂ ಮಾಡ್ದೆ?” ಆಕೆ ಒಂದು ಕಣ್ಣು ತೆರೆದು ರಾಧಾಮಣಿಯನ್ನು ಅನುಮಾನದಿಂದ ನೋಡಿದಳು. ಮದುವೆಯಾದಂದಿನಿಂದ ಜ್ವರ, ಬಾಣಂತನ ಬಿಟ್ಟರೆ ಹಗಲು ಮಲಗಿದ್ದೇ ಇಲ್ಲವಂತೆ. ಐದು ನಿಮಿಷದ ಮೇಲೆ ಆಕೆಯ ಹುಬ್ಬಿನ ಗಂಟು ಸಡಿಲವಾಯಿತು.

ಅಷ್ಟರಲ್ಲಿ ರೆಸಾರ್ಟಿನ ಗೇಟಿನಲ್ಲಿ ‘ತಾವೋ ಯೋಗ’ ಎಂಬ ಹೊಸ ಬೋರ್ಡು ಎದ್ದಿತ್ತು. ಕಾವಲಿನ ಬೋರಲಿಂಗಯ್ಯ ಅದನ್ನು ಓದಿ, “ಯಾವ್ ತಾವ ಅಂತ್ಲೇ ಬರ್ದಿಲ್ವಲ್ಲ ಮೇಡಂ? ಕೆರೆ ತಾವೋ, ಬೆಟ್ಟದ್ ತಾವೋ?” ಎಂದು ಕೇಳಿದ. ರಾಧಾಮಣಿಯ ತರಗತಿಗಳು ಸಾಧಾರಣವಾಗಿ ನಡೆಯುತ್ತಿದ್ದವು. ಮಂಡಿ ಬಗ್ಗಿಸಿ ಎನ್ನುವಾಗ ಅವಳ ದನಿಯಲ್ಲಿ ನಂಬಿಕೆಯೇ ಇರುತ್ತಿರಲಿಲ್ಲ. ಮನೋಹರ್ ಏನಾದರೂ ವಿಶೇಷ ಬೇಕೆಂದು ಪೀಡಿಸುತ್ತಿದ್ದಾಗ ಅವಳು ಬಾಯಿತಪ್ಪಿ ನೂರ್ಜಹಾನಮ್ಮನ ಸಂಗತಿ ಹೇಳಿಬಿಟ್ಟಳು. ದಿನದ ಕೂಲಿ ಕೊಡುವ ಮಾತಿನ ಮೇಲೆ ಆಕೆಯನ್ನು ಕರೆತರಲು ಮುಂದಿನ ಶನಿವಾರವೇ ಕಾರು ರಾಮನಗರಕ್ಕೆ ಹೋಯಿತು.

ಹುಲ್ಲುಹಾಸಿನ ಮೇಲೆ ಇಪ್ಪತ್ತು ಜನ ಅತಿಥಿಗಳು ಕೂತಿದ್ದರು. ಮನೋಹರ್ ಇಂಗ್ಲಿಷಿನಲ್ಲಿ, ಇವರು ರೇಷ್ಮೆ ಮಾಸ್ಟರ್, ಮೂವತ್ತು ವರ್ಷದಿಂದ ಪ್ರತಿದಿನ ಎಂಟು ಗಂಟೆ ಸಾಧನೆ ಮಾಡಿದವರು ಎಂದು ಪರಿಚಯಿಸಿದ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ನೂರ್ಜಹಾನಮ್ಮ ಬುರ್ಖಾದ ಮುಖಪರದೆ ಹಿಂದಕ್ಕೆ ಹಾಕಿ, ಕೊಟ್ಟ ಕುರ್ಚಿಯ ಅಂಚಿನಲ್ಲಿ ಕೂತಳು. ಹಲ್ಲಿನ ಡಾಕ್ಟರಾಗಿದ್ದ ಒಬ್ಬ ಅತಿಥಿ ಕೈಮುಗಿದು ಪ್ರಶ್ನೆ ಕೇಳಿದ: ಎಳೆ ಹುಡುಕುವ ಕ್ಷಣದಲ್ಲಿ ನಿಮ್ಮ ಮನಸ್ಸಿನಲ್ಲಿ ಏನಿರುತ್ತದೆ?

ರಾಧಾಮಣಿ ಅದನ್ನು ಕನ್ನಡದಲ್ಲಿ ಹೇಳಿದಳು.

“ಇನ್ನೇನಿರ್ತೈತೆ? ಎಳೆ ಕಡ್ಕಂಡ್ರೆ ಸಾಹೇಬ್ರು ಬೈತಾರೆ ಅಂತ ಇರ್ತೈತೆ.”

“ಸಂಪೂರ್ಣ ಎಚ್ಚರ ಇರುತ್ತದೆ ಅಂತಾರೆ,” ಎಂದು ಮನೋಹರ್ ಇಂಗ್ಲಿಷಿನಲ್ಲಿ ತಲುಪಿಸಿದ. ಹಲ್ಲಿನ ಡಾಕ್ಟರು ಕಣ್ಣು ಮುಚ್ಚಿ ತಲೆದೂಗಿದ.

ಆಮೇಲೆ ಆಕೆ ಅಭ್ಯಾಸ ಮಾಡಿಸಬೇಕೆಂದು ಮನೋಹರ್ ಕೇಳಿಕೊಂಡ. ನೂರ್ಜಹಾನಮ್ಮ ಎದ್ದು ನಿಂತು ಆ ಜನರನ್ನೂ, ತನ್ನ ಕೈಗಳನ್ನೂ ನೋಡಿದಳು. ಶನಿವಾರ ಒಂದು ದಿನವಾದರೂ ಆ ಕೈ ಸುತ್ತಾಟ ತಪ್ಪಿತೆಂದು ಖುಷಿಯಲ್ಲಿ ಬಂದವಳು.

“ನಂಗೆ ಈ ಮೇಡಂ ಒಂದು ಹೇಳ್ಕೊಟ್ಟವ್ರೆ. ಬಲು ಚೆನ್ನಾಗೈತೆ. ಅದ್ನೇ ಮಾಡವಾ,” ಎಂದವಳೇ ಹಾಸಿದ ಚಾಪೆಯ ಮೇಲೆ ಅಂಗಾತ ಮಲಗಿಬಿಟ್ಟಳು.

ಇಪ್ಪತ್ತು ಜನವೂ ಮಲಗಿದರು. ಬೆಟ್ಟದ ಕಡೆಯಿಂದ ತಣ್ಣನೆ ಗಾಳಿ ಬರುತ್ತಿತ್ತು. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ರಾಧಾಮಣಿ ಬಗ್ಗಿ ನೋಡಿದಳು: ನೂರ್ಜಹಾನಮ್ಮ ಗಾಢ ನಿದ್ದೆಯಲ್ಲಿದ್ದಳು. ಮಾಸ್ಟರ್ ಏಳದೆ ತಾವು ಏಳುವುದು ಹೇಗೆಂದು ಅತಿಥಿಗಳು ಅಲುಗಾಡಲಿಲ್ಲ. ಎಬ್ಬಿಸುವಂತೆ ಮನೋಹರ್ ದೂರದಿಂದ ಸನ್ನೆ ಮಾಡಿದ. ರಾಧಾಮಣಿ ಎಬ್ಬಿಸಲಿಲ್ಲ. ಮೂವತ್ತು ವರ್ಷದ ಬಾಕಿ ನಿದ್ದೆ, ಅದಕ್ಕೆ ಅಡ್ಡ ಬರುವ ಮನಸ್ಸಾಗಲಿಲ್ಲ. ನಲವತ್ತು ನಿಮಿಷದ ಮೇಲೆ ಆಕೆ ತಾನೇ ಎದ್ದು ಕೂತು, ಸುತ್ತ ನೋಡಿ ಗಾಬರಿಯಿಂದ, “ಅಲ್ಲಾ! ಎಲ್ಲಾರಿಗೂ ಏನಾಯ್ತು?” ಎಂದಳು.

ಅತಿಥಿಗಳು ಬರೆದಿಟ್ಟುಹೋದ ಅಭಿಪ್ರಾಯಗಳನ್ನು ಮನೋಹರ್ ಎರಡೆರಡು ಸಲ ಓದಿದ. ಇಂಥ ಅಪ್ಪಟ ಚೀನೀ ಅನುಭವ ತಮಗೆ ಎಲ್ಲೂ ಆಗಿರಲಿಲ್ಲ ಎಂದು ಹಲ್ಲಿನ ಡಾಕ್ಟರು ಒಂದು ಪುಟ ತುಂಬಿಸಿದ್ದ. “ಅದು ನಮ್ ಶವಾಸನ ಕಣ್ರೀ!” ಎಂದು ರಾಧಾಮಣಿ ರೇಗಿದಳು. “ಇರ್ಲಿ ಬುಡಿ ಮೇಡಂ, ಬೋರ್ಡ್ ಬದ್ಲಾಯ್ಸಕ್ಕಾಗಲ್ಲ,” ಎಂದ ಮನೋಹರ್.

ಅಂದಿನಿಂದ ಪ್ರತಿ ಶನಿವಾರ ಕಾರು ಬಂತು, ನೂರ್ಜಹಾನಮ್ಮ ಬಂದು ಮಲಗಿ ಹೋದಳು. ಎರಡು ತಿಂಗಳಿಗೆ ಆಕೆ ಬಲಗೈಯನ್ನು ಕಿವಿಯ ಮೇಲಕ್ಕೆ ಎತ್ತಿ ತೋರಿಸಿದಳು. ರಾಧಾಮಣಿ ಆಸೆಯಿಂದ ಕೇಳಿದಳು: “ಯಾವ್ದರಿಂದ ವಾಸಿಯಾಯ್ತು? ನಮ್ ಯೋಗದಿಂದ್ಲೋ, ಅವರ್ದರಿಂದ್ಲೋ?”

“ಎರಡ್ರಿಂದ್ಲೂ ಅಲ್ಲ ಮೇಡಂ. ವಾರಕ್ಕೊಂದ್ ದಿನ ಬೇಸಿನ್ ಮುಂದೆ ಕೂರ್ತಿಲ್ವಲ್ಲ, ಅದ್ರಿಂದ.”

ಸುದ್ದಿ ಘಟಕದಲ್ಲಿ ಹಬ್ಬಿತು. ಮುಂದಿನ ಶುಕ್ರವಾರ ರಾಧಾಮಣಿ ಹೋದಾಗ ಮಹಡಿಯ ಮೇಲೆ, ಗೂಡಿನ ಮೂಟೆಗಳ ನಡುವೆ, ಒಂಬತ್ತು ಹೆಂಗಸರು ಹಳೆಯ ಸೀರೆ ಹಾಸಿಕೊಂಡು ಕಾಯುತ್ತಿದ್ದರು. ಎಲ್ಲರಿಗೂ ಭುಜ ನೋವು. ರಾಧಾಮಣಿ ತಾವೋ ಎನ್ನಲಿಲ್ಲ, ಪತಂಜಲಿ ಎನ್ನಲಿಲ್ಲ. ಮಲಗಿ ಎಂದಳು.

ನಮಾಜು ಮುಗಿಸಿ ಬಂದ ಆಫ್ತಾಬರಿಗೆ ಕೆಳಗೆ ಒಬ್ಬರೂ ಕಾಣಲಿಲ್ಲ. ಸಿಟ್ಟಿನಿಂದ ಮೆಟ್ಟಿಲೇರಿ ಬಂದರು. ರಾಧಾಮಣಿ ತುಟಿಯ ಮೇಲೆ ಬೆರಳಿಟ್ಟು, ತನ್ನ ಹದಿನೆಂಟು ವರ್ಷದ ದನಿಯನ್ನೆಲ್ಲ ಪಿಸುಮಾತಿಗೆ ಇಳಿಸಿ, “ಯೋಗ ನಡೀತೈತೆ ಸಾಹೇಬ್ರೇ, ಚಪ್ಪಲಿ ಬುಟ್ಟು ಬನ್ನಿ,” ಎಂದಳು. ಅವರು ಚಪ್ಪಲಿ ಬಿಟ್ಟರು. ಬೈಯಲೆಂದು ಬಾಯಿ ತೆರೆದವರು ಹೆಂಗಸರ ಮುಖಗಳನ್ನು ನೋಡಿ ಹಾಗೇ ಮುಚ್ಚಿಕೊಂಡರು. ಬಾಗಿಲ ಬಳಿಯ ಗೂಡಿನ ಮೂಟೆಯ ಮೇಲೆ ಕೂತು ಕಾದರು. ಕಾಯುತ್ತ ಕಾಯುತ್ತ ಅವರ ಗಡ್ಡ ಎದೆಗೆ ತಾಗಿತು. ಅವತ್ತು ಕೆಲಸ ಅರ್ಧ ಗಂಟೆ ತಡವಾಗಿ ಶುರುವಾಯಿತು.