ಹಸಿ ನೆಲ

“ಥೂ, ಎಮ್ಮೆ! ಕಣ್ಣು ನೆತ್ತಿಗೇರಿದೆಯೇನೇ? ಹಸಿ ನೆಲ ಅದು, ನಿಮ್ಮಪ್ಪನ ಅಂಗಳ ಅಲ್ಲ!”

ಯಜಮಾನನ ಕೂಗಿಗೆ ಕೂಲಿಗೆ ಬಂದಿದ್ದ ದೊಡ್ಡಕ್ಕ ಎತ್ತಿದ ಕಾಲನ್ನು ಹಾಗೇ ಹಿಂದಕ್ಕೆ ತೆಗೆದಳು. ತಲೆಯ ಮೇಲೆ ಇಟ್ಟಿಗೆಚೂರು ತುಂಬಿದ ಬಾಣಲಿ. ಮತ್ತೆ ಹಿತ್ತಲಿಗೆ ಹೋಗಿ, ಕಕ್ಕಸಿನ ಪಕ್ಕದ ಸಂದಿಯಲ್ಲಿ ಮೈ ಅಡ್ಡ ಮಾಡಿಕೊಂಡು ತೂರಿ, ಬೀದಿ ಸೇರಬೇಕು. ಬೆಳಗಿನಿಂದ ಅದೇ ಗಾಣದೆತ್ತಿನ ಸುತ್ತು.

ಯಜಮಾನನ ಅಪ್ಪ ಕಟ್ಟಿಸಿದ ಮನೆ. ತಗ್ಗು ಬಾಗಿಲು, ಹಗಲಲ್ಲೂ ಕತ್ತಲೆ. ಈಗ ಮುಂದಿನ ಗೋಡೆ ಒಡೆದು ಆನೆ ನುಗ್ಗುವಷ್ಟು ಅಗಲ ಮಾಡಿ, ಜಗಲಿಗೆ ಕೆಂಪು ನೆಲ ಹಾಕಿಸಿದ್ದರು. “ಬಂದೋರನ್ನ ಬಾಗಿಲೇ ಕೈಹಿಡಿದು ಒಳಗೆ ಕರ್ಕೋಬೇಕು” ಎಂದು ಯಜಮಾನ ಕಂಡಕಂಡವರಿಗೆಲ್ಲ ಹೇಳುತ್ತಿದ್ದ.

ಅವತ್ತು ಹೊಸ ಬೀಗರು ಮನೆ ನೋಡಲು ಬರುವವರಿದ್ದರು. ಹೊಸ ಬಾಗಿಲ ಮೇಲಿನ ತೊಲೆಗೆ ಆಸರೆಯಾಗಿ ಆನಿಸಿದ್ದ ಕಂಬಗಳು ಯಜಮಾನನ ಕಣ್ಣು ಚುಚ್ಚಿದವು.

“ಕೀಳಿಸಯ್ಯ ಇವನ್ನ. ಚಟ್ಟ ಕಟ್ಟಿದ ಹಾಗೆ ಕಾಣ್ತಿದೆ.”

ಮೇಸ್ತ್ರಿ ತಲೆ ಕೆರೆದುಕೊಂಡ. “ತೊಲೆ ಇನ್ನೂ ಸರಿಯಾಗಿ ಕೂತಿಲ್ಲ ಸ್ವಾಮಿ...”

“ಮನೆ ನಿಂದೋ ನಂದೋ?”

ಮೇಸ್ತ್ರಿ ದೊಡ್ಡಕ್ಕನ ತಮ್ಮನತ್ತ ತಿರುಗಿದ. “ಏ ಗೂಳಿ, ಕೀಳೋ.”

“ಬಿದ್ರೆ ನನ್ ತಲೆ ಮೇಲೇ ತಾನೆ? ತೊಲೇನೇ ಮುರಿಯುತ್ತೆ ಬಿಡಣ್ಣ” ಎಂದು ಗೂಳಿ ನಗುತ್ತ ಸುತ್ತಿಗೆ ಎತ್ತಿಕೊಂಡ.

ದೊಡ್ಡಕ್ಕ ಸಂದಿಯಲ್ಲಿದ್ದಾಗ ಸದ್ದು ಕೇಳಿತು. ಬಾಣಲಿ ಎಸೆದು ಓಡಿ ಬಂದಳು. ತೊಲೆ ಒಳಮಗ್ಗುಲಿಗೆ ಉರುಳಿ ನಡುಮನೆಯಲ್ಲಿ ಬಿದ್ದಿತ್ತು. ಅದರಡಿ ತಮ್ಮ. ಎಲ್ಲರೂ ಸೇರಿ ತೊಲೆ ಎತ್ತಿದರು. ಮೊಣಕಾಲಿನ ಕೆಳಗೆ ಮೂಳೆ ಚರ್ಮ ಹರಿದು ಹೊರಗೆ ಬಂದಿತ್ತು, ರಕ್ತ ನಿಲ್ಲದೆ ಸುರಿಯುತ್ತಿತ್ತು.

ಕಿತ್ತಿಟ್ಟಿದ್ದ ಹಳೇ ಬಾಗಿಲಿನ ಹಲಗೆಯ ಮೇಲೆ ಅವನನ್ನು ಮಲಗಿಸಿದರು. ಜಗಲಿಯತ್ತ ಹೊರಟವರಿಗೆ ಯಜಮಾನನ ಹೆಂಡತಿ ಎರಡೂ ಕೈ ಚಾಚಿ ಅಡ್ಡ ನಿಂತಳು.

“ಅಯ್ಯೋ, ಈ ಕಡೆ ಬೇಡ! ನೆಲ ಹಾಳಾಗುತ್ತೆ. ಹಿಂದಿನಿಂದ ತಗೊಂಡ್ಹೋಗಿ.”

“ಸಂದೀಲಿ ಹಲಗೆ ಹಿಡಿಯಲ್ಲ ಅಮ್ಮಾ.”

“ಹಾಗಾದ್ರೆ ಕೂರಿಸ್ಕೊಂಡು ಎತ್ಕೊಂಡ್ಹೋಗ್ರೋ.”

ಮೇಸ್ತ್ರಿ ನಿಂತುಬಿಟ್ಟ. ಗೂಳಿ “ಅಕ್ಕಾ...” ಎಂದು ನರಳಿದ. ದೊಡ್ಡಕ್ಕ ಹಲಗೆಯ ಮುಂದಕ್ಕೆ ನುಗ್ಗಿದಳು.

“ಸರಿಯೇ ಆಚೆ, ಹಾದರಗಿತ್ತಿ!”

ಆ ಮನೆಯಲ್ಲಿ ಯಾರೂ ಯಾವತ್ತೂ ಯಜಮಾನನ ಹೆಂಡತಿಗೆ ಹಾಗೆ ಅಂದಿರಲಿಲ್ಲ. ಕೈ ತಾನಾಗಿ ಇಳಿಯಿತು. ಹಲಗೆ ಹೊತ್ತ ಕಾಲುಗಳು ಹಸಿ ನೆಲದಲ್ಲಿ ಪಾದ ಮುಳುಗುವಂತೆ ಊರುತ್ತ ಬೀದಿಗಿಳಿದವು.

ಗೇಟಿನ ಮುಂದೆ ಯಜಮಾನನ ಕಾರು ನಿಂತಿತ್ತು. ದೊಡ್ಡಕ್ಕ ಹಿಂಬಾಗಿಲು ತೆಗೆದು ತಮ್ಮನನ್ನು ಒಳಗೆ ಎಳೆದುಕೊಂಡಳು. ಬಿಳಿ ಸೀಟು ಕ್ಷಣದಲ್ಲಿ ಕೆಂಪಾಯಿತು.

“ಇಳಿಯೇ! ಆಂಬುಲೆನ್ಸಿಗೆ ಫೋನ್ ಮಾಡ್ತೀನಿ, ಬರುತ್ತೆ!” ಯಜಮಾನ ಕೀಲಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಕೂಗಿದ.

“ಅದು ಬರೋದ್ರೊಳಗೆ ಇವನು ಹೋಗ್ತಾನೆ. ಓಡಿಸೋ.”

ಯಜಮಾನ ಅಲ್ಲಾಡಲಿಲ್ಲ. ಬೀದಿಯ ಕೊನೆಯಲ್ಲಿ ಬೀಗರ ಕಾರು ತಿರುಗಿತು. ಯಜಮಾನ ಅತ್ತ ನೋಡಿದ, ಇತ್ತ ನೋಡಿದ, ಮುಖದ ಮೇಲೆ ನಗೆ ತರಲು ಹೆಣಗಿದ.

ದೊಡ್ಡಕ್ಕ ಮುಂದಿನ ಸೀಟಿನ ಮೇಲೆ ಬಗ್ಗಿ ಸ್ಟೇರಿಂಗಿನ ನಡುವೆ ಅಂಗೈ ಒತ್ತಿದಳು. ಹಾರ್ನ್ ಅರಚಿತು. ಅಕ್ಕಪಕ್ಕದ ಗೇಟುಗಳು ಒಂದೊಂದಾಗಿ ತೆರೆದುಕೊಂಡವು. ಅವಳು ಕೈ ತೆಗೆಯಲಿಲ್ಲ.