ಕೆಂಚಿಯ ಖಾಲಿ ಹೊಟ್ಟೆ

ಕುದುರೆಯ ಹೊಟ್ಟೆಗೆ ಕ್ಯಾಮೆರಾ ಇಳಿಸಿ ನೋಡುವ ಖರ್ಚಿನಲ್ಲಿ ಇಡೀ ಲಾಯಕ್ಕೆ ಒಂದು ತಿಂಗಳ ಹುಲ್ಲು ಬರುತ್ತದೆ. ಹುಣ್ಣು ಸಿಕ್ಕರೆ ಮದ್ದಿಗೆ ಅದರ ಎರಡರಷ್ಟು. ಏನೂ ಸಿಗದಿದ್ದರೆ ಮದ್ದಿನ ದುಡ್ಡು ಉಳಿಯುತ್ತದೆ, ನಮ್ಮ ಹೆಣ್ಣುಕುದುರೆ ಕೆಂಚಿ ಹೋಗುತ್ತಾಳೆ. ಕಚ್ಚಿ ಕೆಡವುವ ಕುದುರೆಯನ್ನು ಸವಾರಿಗೆ ಯಾರೂ ಕೊಳ್ಳುವುದಿಲ್ಲ. ಮಾಂಸಕ್ಕೆ ತೂಕ ಹಾಕಿ ಕೊಳ್ಳುವವರಿದ್ದಾರೆ.

ಅದಕ್ಕೇ ಆ ಬೆಳಿಗ್ಗೆ ನಾನು ಅವಳ ಹೊಟ್ಟೆಯಲ್ಲಿ ಹುಣ್ಣಿರಲಿ ಎಂದು ಹಾರೈಸುತ್ತ ನಿಂತಿದ್ದೆ. ಹಾಗೆ ಹಾರೈಸುವುದಕ್ಕೂ ಭಯವಾಗುತ್ತಿತ್ತು.

ಲಾಯ ಅಣ್ಣನದು, ಸವಾರಿ ಕಲಿಸುವುದು ನನ್ನ ಕೆಲಸ. ಯಾರಿಗೂ ಬಾಯಿ ಹಾಕದಿದ್ದ ಕೆಂಚಿ ಈಚೆಗೆ ಜೀನಿನ ಹೊಟ್ಟೆಪಟ್ಟಿ ಬಿಗಿಯುವಾಗ ಕಿವಿ ಹಿಂದಕ್ಕೆ ಮಡಚಿ ಹಲ್ಲು ತೋರಿಸುತ್ತಿದ್ದಳು. ಕಾಳನ್ನು ಅರ್ಧಕ್ಕೇ ಬಿಡುತ್ತಿದ್ದಳು. ಸುಮ್ಮನೆ ನಿಂತಾಗ ಹಲ್ಲು ಕಡಿಯುತ್ತಿದ್ದಳು. ಅದರ ಹಿಂದಿನ ವಾರ ಅಣ್ಣನ ಮಗಳನ್ನು ಬೇಲಿಯ ಮೇಲೆ ಎಸೆದಳು. ಹುಡುಗಿಯ ಮಣಿಕಟ್ಟು ಮುರಿಯಿತು. ಕುತ್ತಿಗೆಯಾಗಿದ್ದರೆ ಎಂಬ ಮಾತನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಲಿಲ್ಲ.

"ಕೊಬ್ಬು ಜಾಸ್ತಿಯಾಗಿದೆ ಅದಕ್ಕೆ," ಎಂದ ಅಣ್ಣ.

"ಪಕ್ಕೆ ಎಣಿಸೋ ಹಾಗಿದೆ, ಕೊಬ್ಬಂತೆ," ಎಂದಳು ಅತ್ತಿಗೆ. "ಈ ಮನೇಲಿ ಕೊಬ್ಬು ಯಾರಿಗಿದೆ ಅಂತ ನಂಗೊತ್ತು."

ಅಣ್ಣ ನನ್ನ ಕಡೆ ತಿರುಗಿದ. "ಡಾಕ್ಟರಿಗೆ ತೋರ್ಸು. ಒಳಗೇನೂ ಇಲ್ಲ ಅಂದ್ರೆ ಅವತ್ತೇ ಲಾರಿ ಹತ್ತಿಸ್ತೀನಿ. ಆಮೇಲೆ ನೀನು ಅಳಬಾರದು."

ಕುದುರೆ ನೋಡುವ ಡಾಕ್ಟರಮ್ಮ ಮೊದಲ ಸಲ ಬಂದಾಗ ಹಲ್ಲು, ಬೆನ್ನು ಒತ್ತಿ ನೋಡಿದ್ದರು. ಎರಡರಲ್ಲೂ ನೋವಿರಲಿಲ್ಲ. "ಹೊಟ್ಟೆಹುಣ್ಣು ಇರಬಹುದು. ಆದ್ರೆ ಒಳಗೆ ಇಣುಕದೆ ಹೇಳಕ್ಕಾಗಲ್ಲ. ಹಿಂದಿನ ಸಂಜೆಯಿಂದ ಏನೂ ತಿನ್ನಬಾರದು. ತಿಂದಿದ್ರೆ ನಮಗೆ ಕಾಣೋದು ಬರೀ ಹುಲ್ಲು."

ಹಿಂದಿನ ಸಂಜೆಯೇ ನಾನು ಕೆಂಚಿ ಏನೂ ತಿನ್ನದಂತೆ ಬಾಯಿಗೆ ಕುಕ್ಕೆ ಕಟ್ಟಿ, ಮಲಗುವ ಒಣಹುಲ್ಲನ್ನೂ ಗುಡಿಸಿ ತೆಗೆದಿದ್ದೆ.

ಆ ಬೆಳಿಗ್ಗೆ ಮತ್ತಿನ ಇಂಜೆಕ್ಷನ್ನಿಗೆ ಕೆಂಚಿಯ ತಲೆ ಜೋತುಬಿತ್ತು. ಮೂಗಿನಿಂದ, ತುದಿಯಲ್ಲಿ ಕ್ಯಾಮೆರಾ ಇದ್ದ ಉದ್ದದ ನಳಿಗೆ ಒಳಗಿಳಿಯಿತು. ಪರದೆಯ ಮೇಲೆ ಗಂಟಲು ಕಂಡಿತು, ಆಮೇಲೆ ಕತ್ತಲೆ, ಆಮೇಲೆ ಹಸಿರು ರಾಶಿ.

"ಇದೇನಿದು, ಹುಲ್ಲು?"

"ಕುಕ್ಕೆ ಹಾಕಿದ್ದೆ ಡಾಕ್ಟರೇ," ಎಂದೆ.

ಅಣ್ಣ ಗಂಟಲು ಸರಿಮಾಡಿಕೊಂಡ. "ಬೆಳಗಾಗೋ ಹೊತ್ತಿಗೆ ನಾನೇ ಬಿಚ್ಚಿ ಒಂದು ಹಿಡಿ ಕೊಟ್ಟೆ. ನನ್ನೇ ನೋಡ್ತಾ ನಿಂತಿತ್ತು."

"ಲಾರಿ ಹತ್ತಿಸೋ ಕುದುರೆಗೆ ಉಪಚಾರ ನೋಡಿ," ಎಂದಳು ಅತ್ತಿಗೆ.

ಡಾಕ್ಟರಮ್ಮ ನಳಿಗೆಯಲ್ಲಿ ನೀರು ಬಿಡತೊಡಗಿದರು. "ದಿನಾ ಸವಾರಿಗೆ ಮುಂಚೆ ಏನು ಕೊಡ್ತೀರಿ?"

"ಏನೂ ಇಲ್ಲ. ಖಾಲಿ ಹೊಟ್ಟೇಲಿ ಕುದುರೆ ಹಗುರಾಗಿ ಓಡತ್ತೆ. ನಮ್ಮಪ್ಪನ ಕಾಲದಿಂದ ಹಾಗೇ," ಎಂದ ಅಣ್ಣ.

"ಕುದುರೆ ಹೊಟ್ಟೇಲಿ ಹಗಲೂ ರಾತ್ರಿ ಆಮ್ಲ ಊರ್ತಾನೇ ಇರತ್ತೆ ಯಜಮಾನ್ರೇ. ಖಾಲಿ ಇದ್ದಾಗ ಓಡಿಸಿದ್ರೆ ಅದು ಮೇಲಕ್ಕೆ ಚಿಮ್ಮಿ ಸುಡತ್ತೆ. ಒಂದು ಹಿಡಿ ಹುಲ್ಲಿದ್ರೆ ತಡೆಯತ್ತೆ. ದಿನಾ ಕೊಡಬೇಕಾದ್ದು ಕೊಡಲಿಲ್ಲ, ಕೊಡಬಾರದ ದಿನ ಕೊಟ್ಟಿದ್ದೀರಿ."

ನೀರು ಹರಿದಂತೆ ಬಿಳಿಯ ಒಳಪದರ ಕಂಡಿತು. ನುಣುಪಾಗಿತ್ತು. ಒಂದು ಕಲೆಯೂ ಇಲ್ಲ.

"ಇಲ್ಲೇನೂ ಇಲ್ಲ," ಎಂದರು.

ಅಣ್ಣ ಅಂಗಳದ ಕಡೆ ಮುಖ ತಿರುಗಿಸಿದ. ಕೆಂಚಿಯ ಕೇಸರ ಹಿಡಿದಿದ್ದ ನನ್ನ ಬೆರಳು ಸಡಿಲವಾಗಲಿಲ್ಲ. ಅವಳ ಬಿಸಿಯುಸಿರು ತೋಳಿಗೆ ತಾಗುತ್ತಿತ್ತು. ಲಾರಿಯ ಹಲಗೆ ಹತ್ತುವಾಗ ಇವಳು ಯಾರ ಮುಖ ನೋಡಿಯಾಳು ಎಂದು ಯೋಚಿಸಿದೆ.

ಡಾಕ್ಟರಮ್ಮ ಇನ್ನಷ್ಟು ನೀರು ಬಿಟ್ಟರು. ಹುಲ್ಲು ಮೆಲ್ಲಗೆ ಸರಿದು, ಬಿಳಿಯ ಪದರ ಮುಗಿಯುವ ಅಂಚು ತೆರೆದುಕೊಂಡಿತು. ಅಲ್ಲಿ ಸಾಲಾಗಿ ಕೆಂಪು ಗಾಯಗಳು, ಸುಲಿದ ಚರ್ಮದಂತೆ. ಒಂದರಿಂದ ರಕ್ತ ಜಿನುಗುತ್ತಿತ್ತು.

"ನೋಡಿ. ಇದರ ಕೆಳಗೇನೇ ಪಟ್ಟಿ ಬಿಗಿಯೋದು ನೀವು."

ಅಣ್ಣ ಹತ್ತಿರ ಬಂದು ಪರದೆಯನ್ನು ತುಂಬ ಹೊತ್ತು ನೋಡಿದ. "ಇಷ್ಟು ಇಟ್ಕೊಂಡು ನನ್ನ ಮಗೂನ ಹೊತ್ತಿತ್ತಾ," ಎಂದ. ಆಮೇಲೆ ಮದ್ದಿನ ಚೀಟಿಗೆ ಕೈಚಾಚಿದ.

ತಿಂಗಳ ನಂತರ ಮತ್ತೆ ನಳಿಗೆ ಇಳಿಸಿದಾಗ ಗಾಯ ಮಾಗಿತ್ತು. ಈಗ ಸವಾರಿಗೆ ಮುಂಚೆ ಎಲ್ಲ ಕುದುರೆಗಳಿಗೂ ಹುಲ್ಲು ಬೀಳುತ್ತದೆ, ಹಾಕುವವನು ಅಣ್ಣನೇ. ಹುಡುಗಿಯ ಮಣಿಕಟ್ಟು ಕೂಡಿಕೊಂಡಿತು. ಕೆಂಚಿ ನಮಗೆ ಉಳಿದಳು. ಹುಡುಗಿ ಮತ್ತೆ ಕುದುರೆ ಹತ್ತಲಿಲ್ಲ.